ಅಧ್ಯಕ್ಷರ ಬಾಲ್ಯದ ಅಧ್ಯಾಯ

ಕಲಾ ವಿಭಾಗದಿಂದ ಕಾಲೇಜಿಗೆ ಏನು ಉಪಯೋಗ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಡಿ ಎಂದು ನಮ್ಮ ಪ್ರಾಂಶುಪಾಲರು ಕೇಳಿದ್ದು ಒಂದು ಸೋಮವಾರ ಬೆಳಿಗ್ಗೆ, ನಾನು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಾಗ. ಅವರು ವಾಣಿಜ್ಯ ಕಲಿಸಿದವರು. ಮಾತನಾಡುವಾಗಲೂ ಅವರ ಬೆರಳು ಮೇಜಿನ ಮೇಲೆ ಏನನ್ನೋ ಕೂಡಿಸಿ ಕಳೆಯುತ್ತಿರುತ್ತದೆ.

"ಒಂದ ಪುಟ ಸಾಕ್ರಿ ಮೇಡಂ. ಜಾಸ್ತಿ ಬರದ್ರ ಅಧ್ಯಕ್ಷರು ಓದಂಗಿಲ್ಲ."

"ಕಡಿಮಿ ಬರದ್ರ ಓದ್ತಾರೇನ್ರಿ ಸರ್?"

ಅವರು ನಗಲಿಲ್ಲ. ಬಿ.ಸಿ.ಎ. ತರಗತಿಗೆ ಹುಡುಗರು ಹೆಚ್ಚಾಗಿದ್ದರು, ಕಂಪ್ಯೂಟರ್ ಇಡಲು ಜಾಗ ಸಾಲುತ್ತಿರಲಿಲ್ಲ, ಆಡಳಿತ ಮಂಡಳಿಯ ಕಣ್ಣು ನಮ್ಮ ಎರಡು ಕೋಣೆಗಳ ಮೇಲೆ ಬಿದ್ದಿತ್ತು. ವಿಭಾಗವನ್ನೇ ಮುಚ್ಚಿದರೆ ಕೋಣೆಗಳು ತಾವಾಗಿ ಖಾಲಿಯಾಗುತ್ತವೆ ಎಂಬುದು ಯಾರಿಗೂ ಹೊಳೆಯುವ ಲೆಕ್ಕ.

ನಾನು ಇತಿಹಾಸ ಕಲಿಸುತ್ತೇನೆ. ಮಹಾಂತೇಶ ನಗರದ ಮನೆಯಿಂದ ಸ್ಕೂಟಿಯಲ್ಲಿ ಊರನ್ನೇ ಅಡ್ಡ ಹಾಯ್ದು, ಮಚ್ಛೆಯ ಕಾರ್ಖಾನೆಗಳ ಕಡೆಗಿರುವ ಈ ಕಾಲೇಜಿಗೆ ಹತ್ತೊಂಬತ್ತು ವರ್ಷದಿಂದ ಬರುತ್ತಿದ್ದೇನೆ. ವಿಭಾಗದಲ್ಲಿ ಕಾಯಂ ಇರುವವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ಮುಖ್ಯಸ್ಥರಾದ ಕನ್ನಡದ ಸರ್. ಅವರ ನಿವೃತ್ತಿಗೆ ಆಗ ಎರಡು ವರ್ಷ ಉಳಿದಿತ್ತು. ಮಿಕ್ಕವರು ಬಂದು, ಪಾಠ ಹೇಳಿ, ಬಸ್ಸು ಹಿಡಿದು ಹೋಗುವ ಅತಿಥಿ ಉಪನ್ಯಾಸಕರು.

ಆ ಹತ್ತೊಂಬತ್ತು ವರ್ಷಗಳಲ್ಲಿ ನಮ್ಮ ವಿಭಾಗದಿಂದ ಕಾಲೇಜು ಏನು ಕೆಲಸ ತೆಗೆದುಕೊಂಡಿತ್ತು ಎಂಬುದು ಪ್ರಾಂಶುಪಾಲರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಯಾವ ಸಮಾರಂಭವಿದ್ದರೂ ಪ್ರಾರ್ಥನಾ ಗೀತೆ ನಮ್ಮದು, ರಂಗೋಲಿ ನಮ್ಮದು, ನಿರೂಪಣೆ ನಮ್ಮದು. ಅತಿಥಿಗಳು ತಡವಾಗಿ ಬಂದರೆ ಸಭಾಂಗಣದ ಕುರ್ಚಿ ತುಂಬಿಸಿ ಕೂರುವವರೂ ನಮ್ಮ ವಿದ್ಯಾರ್ಥಿಗಳೇ. ಸನ್ಮಾನಪತ್ರವಂತೂ ಕನ್ನಡದ ಸರ್ ಅವರ ಸ್ವಂತ ಜಹಗೀರು. ಅವರ ಹತ್ತಿರ ಒಂದಿಷ್ಟು ವಿಶೇಷಣಗಳಿದ್ದವು, ಮದುವೆ ಮನೆಯ ಬಾಡಿಗೆ ಪಾತ್ರೆಗಳಂತೆ ಎಲ್ಲರಿಗೂ ಅವೇ. ಒಮ್ಮೆ ಒಂದೇ ವೇದಿಕೆಯ ಮೇಲೆ ಮೂವರು ಕಲ್ಪವೃಕ್ಷಗಳು ಬಾಜು ಬಾಜು ಕೂತು, ಒಂದೇ ಬಾಟಲಿಯ ನೀರು ಕುಡಿದದ್ದನ್ನು ನಾನು ನೋಡಿದ್ದೇನೆ.

ಆದರೂ ಇಬ್ಬರೂ ಒಂದೊಂದು ಪುಟ ಬರೆದೆವು. ಸರ್ ಮಾನವೀಯ ಮೌಲ್ಯ, ಸಂಸ್ಕೃತಿ, ಬಾಳಿನ ಬೆಳಕು ಎಂದೆಲ್ಲ ಬರೆದರು. ನಾನು ಹಲಸಿ ಎಂಬ ಹಳೆಯ ಊರಿನ ವಿಷಯ ಬರೆದೆ. ಹಿಂದಿನ ವರ್ಷ ಅಲ್ಲಿಗೆ ತರಗತಿಯನ್ನು ಕರೆದುಕೊಂಡು ಹೋದಾಗ, ಅದೇ ಊರಿನ ಒಬ್ಬ ಹುಡುಗಿ ನಾನು ಹೇಳಿದ್ದನ್ನೆಲ್ಲ ಕೇಳಿ, ಹಳೆಯ ಗುಡಿಯ ಗೋಡೆಗೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು. "ದಿನಾ ಇದರ ಬಾಜುಕ ಹಾದು ಹೋಗ್ತಿದ್ದೆ ಮೇಡಂ. ಒಂದ ದಿನಾನೂ ಕತ್ತ ಎತ್ತಿ ನೋಡಿದ್ದಿಲ್ಲ" ಎಂದಳು. ಕತ್ತೆತ್ತಿ ನೋಡಲು ಕಲಿಸುವುದೇ ನಮ್ಮ ಉಪಯೋಗ ಎಂದು ಬರೆದಿದ್ದೆ. ಪ್ರಾಂಶುಪಾಲರು ಅದನ್ನು ಎರಡು ಸಲ ಓದಿದರು.

"ಎಲ್ಲಾ ಚಲೋ ಐತ್ರಿ ಮೇಡಂ. ಆದ್ರ ಇದರಾಗ ಉಪಯೋಗ ಎಲ್ಲೈತಿ?"

ನಮ್ಮನ್ನು ಉಳಿಸಿದ್ದು ಆ ಪುಟಗಳಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಅರವತ್ತು ತುಂಬುವುದಿತ್ತು. ಜಲ್ಲಿ ಕಲ್ಲಿನ ಕ್ರಷರ್‌ನಿಂದ ಶುರುಮಾಡಿ ಶಾಲೆ, ಕಾಲೇಜು, ಹಾಸ್ಟೆಲು ಎಂದು ಬೆಳೆದ ಮನುಷ್ಯ. ಅಭಿನಂದನ ಗ್ರಂಥವೊಂದು ಬರಬೇಕು ಎಂದು ಮಂಡಳಿಯಲ್ಲಿ ಯಾರೋ ಹೇಳಿದರಂತೆ. ಬರೆಯುವವರು ಯಾರು ಎಂಬ ಪ್ರಶ್ನೆ ಬಂತಂತೆ. ಆಗ ಅಧ್ಯಕ್ಷರೇ, "ಆರ್ಟ್ಸ್‌ನವರು ಸುಮ್ನ ಕುಂತಾರಲ್ಲ, ಅವರು ಬರೀಲಿ" ಎಂದರಂತೆ. ಹೀಗೆ ಅನೇಕ ಸಾವಿರ ವರ್ಷಗಳ ಮಾನವ ಜ್ಞಾನಕ್ಕೆ ನಮ್ಮ ಕಾಲೇಜಿನಲ್ಲಿ ಕೊನೆಗೂ ಒಂದು ಉಪಯೋಗ ಸಿಕ್ಕಿತು.

ಇತಿಹಾಸದವಳೆಂದು ಬಾಲ್ಯದ ಅಧ್ಯಾಯ ನನ್ನ ಪಾಲಿಗೆ ಬಂತು. ಅದನ್ನು ಬರೆಯುವ ಶ್ರಮವೂ ಬೇಕಿರಲಿಲ್ಲ. ಕನ್ನಡದ ಸರ್ ಆಗಲೇ ಬರೆದಿಟ್ಟಿದ್ದರು. ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರ ಬಡ ಗುಡಿಸಲು, ಚಿಮಣಿ ದೀಪ, ದಿನವೂ ಬರಿಗಾಲಲ್ಲಿ ಕಾಡುದಾರಿ ನಡೆದು ಖಾನಾಪುರದ ಹೈಸ್ಕೂಲಿಗೆ ಹೋದ ಬಾಲಕ. ನನ್ನ ಹೆಸರು ಹಾಕಿದರೆ ಮುಗಿಯಿತು.

"ಸರ್, ಯಾರನ್ನರ ಕೇಳಿ ಬರದೀರೇನ್ರಿ ಇದನ್ನ?" ಎಂದೆ.

"ಕೇಳೂದೇನೈತ್ರಿ? ದೊಡ್ಡವರ ಬಾಲ್ಯ ಎಲ್ಲಾ ಹಿಂಗ ಇರ್ತೈತಿ."

ಅದನ್ನು ಅವರು ತಮಾಷೆಗೆ ಹೇಳಿರಲಿಲ್ಲ. ನನಗೆ ಆ ಕ್ಷಣ ಅಧ್ಯಕ್ಷರಿಗಿಂತ, ಪ್ರಾಂಶುಪಾಲರಿಗಿಂತ ನಮ್ಮ ಸರ್ ಮೇಲೆಯೇ ಹೆಚ್ಚು ತಿರಸ್ಕಾರ ಬಂತು. ಕಲ್ಲು ಒಡೆಯುವವನು ಭಾಷೆಯನ್ನು ಜಲ್ಲಿಯಂತೆ ಬಳಸಿದರೆ ಅರ್ಥವಾಗುತ್ತದೆ. ಜೀವಮಾನವಿಡೀ ಭಾಷೆ ಕಲಿಸಿದವರು ಹಾಗೆ ಬಳಸಬಾರದು. ನಾನು ಬೇರೆಯವಳು ಎಂದು ತೋರಿಸಿಕೊಳ್ಳುವ ಜಂಬವೂ ಇತ್ತು. ಅಧ್ಯಕ್ಷರ ಅಕ್ಕ ಒಬ್ಬರು ಈಗಲೂ ಆ ಹಳ್ಳಿಯಲ್ಲಿದ್ದಾರೆ ಎಂದು ಅವರ ಕಾರಿನ ಡ್ರೈವರ್‌ನಿಂದ ತಿಳಿದುಕೊಂಡು, ಮುಂದಿನ ಶನಿವಾರ ಖಾನಾಪುರದ ಬಸ್ಸು ಹತ್ತಿದೆ.

ಖಾನಾಪುರದಿಂದ ಟಂಟಂ ಆಟೋ ಹಿಡಿದು ಹಳ್ಳಿಗೆ ಮುಟ್ಟಿದಾಗ ಹನ್ನೊಂದು ಗಂಟೆ. ಅಂಗಡಿಯ ಕಟ್ಟೆಯ ಮೇಲಿದ್ದವರನ್ನು ಕನ್ನಡದಲ್ಲಿ ದಾರಿ ಕೇಳಿದೆ, ಅವರು ಮರಾಠಿಯಲ್ಲಿ ಹೇಳಿದರು, ಯಾರಿಗೂ ತೊಡಕಾಗಲಿಲ್ಲ. ಅಕ್ಕ ಎಮ್ಮೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ತೆಳ್ಳಗೆ, ಎತ್ತರದ ಹೆಂಗಸು. ತಮ್ಮನಿಗಿಂತ ಒಂದೂವರೆ ವರ್ಷ ದೊಡ್ಡವರು. ಕಾಲೇಜಿನಲ್ಲಿ ಪಾಠ ಹೇಳುವ ಅಕ್ಕೋರು ಎಂದು ಪರಿಚಯಿಸಿಕೊಂಡು, ನಾನು ಬಂದ ಕಾರಣ ಹೇಳಿದೆ. ಅವರು ಕೈತೊಳೆದುಕೊಂಡು, ಒಳಗೆ ಹೋಗಿ ಅವಲಕ್ಕಿ, ಚಹಾ ತಂದಿಟ್ಟು, ನನ್ನೆದುರು ಕೂತರು. ನಾನು ಸರ್ ಬರೆದ ಹಾಳೆಯನ್ನು ಓದಿ ಹೇಳಿದೆ.

"ಬರಿಗಾಲಿಲೇ? ಅಂವಾ?" ಎಂದು ಅವರು ನಗಲು ಶುರುಮಾಡಿದರು. "ಅವನ ಕಾಲಿಗೆ ಕೆಸರ ಹತ್ತಿದ್ದ ನಾ ನೋಡಿಲ್ಲ ಅಕ್ಕೋರ. ಅಪ್ಪ ದಿನಾ ಸೈಕಲ್ ಮ್ಯಾಲೆ ಹಾಲಿನ ಕ್ಯಾನ್ ಕಟಗೊಂಡು ಖಾನಾಪುರಕ್ಕ ಹೊಕ್ಕಿದ್ದ. ಎರಡೂ ಬಾಜುಕ ಕ್ಯಾನು, ನಡಬರಕ ಅಂವಾ. ರಾಜಾನಂಗ ಹೊಕ್ಕಿದ್ದ."

"ನೀವು, ಮೌಶಿ? ನೀವು ಸಾಲಿಗೆ ಹೋಗಲಿಲ್ಲೇನ್ರಿ?" ಎಂದು ಚಿಕ್ಕಮ್ಮನನ್ನು ಕರೆದಂತೆ ಕರೆದು ಕೇಳಿದೆ.

"ಏಳನೇ ಇಯತ್ತಾ ತನಾ ಇಲ್ಲೇ ಇಬ್ರೂ ಒಂದ ವರ್ಗದಾಗ ಇದ್ವಿ. ಮುಂದ ಹೈಸ್ಕೂಲಿಗೆ ಖಾನಾಪುರಕ್ಕ ಹೋಗಬೇಕು. ಮಾಸ್ತರು ಮನಿಗೆ ಬಂದಿದ್ರು. ಮಗಳನ್ನ ಕಳಸ್ರಿ, ಆಕಿ ಭಾಳ ಶಾಣ್ಯಾಕಿ ಅದಾಳ ಅಂದ್ರು. ಅಪ್ಪ ಏನೂ ಸಿಟ್ಟ ಮಾಡಲಿಲ್ಲ. ಅಂಗಳದಾಗ ನಿಂತಿದ್ದ ಸೈಕಲ್ ಕಡೆ ಕೈ ಮಾಡಿ, ನೀವ ನೋಡ್ರಿ ಮಾಸ್ತರ, ಒಬ್ರಿಗಷ್ಟ ಜಾಗಾ ಐತಿ ಅಂದ. ಮಾಸ್ತರೂ ನೋಡಿದ್ರು. ಖರೇನ ಒಬ್ರಿಗಷ್ಟ ಜಾಗಾ ಇತ್ತು."

ಅದನ್ನು ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ. ಸೈಕಲ್ಲಿನ ಅಳತೆ ಹೇಳಿದಂತೆ ಹೇಳಿದರು. ನಾನು ಬರೆದುಕೊಳ್ಳುತ್ತಿದ್ದೆ. ಅವರು ಮುಂದುವರಿಸಿದರು. ತಮ್ಮನ ಮನೆಪಾಠವನ್ನೆಲ್ಲ ಅವರೇ ಬರೆದುಕೊಡುತ್ತಿದ್ದರಂತೆ. ಹಾಗೆ ಬರೆಯುತ್ತ ಬರೆಯುತ್ತ ಹೈಸ್ಕೂಲಿನ ಕನ್ನಡ ಪುಸ್ತಕ ಅವರಿಗೇ ಬಾಯಿಪಾಠವಾಯಿತಂತೆ. ತಮ್ಮ ಒಂಬತ್ತನೆಯದರಲ್ಲಿದ್ದಾಗ ತಾಲ್ಲೂಕಿನ ಶಾಲೆಗಳಿಗೆಲ್ಲ ಒಂದು ಪ್ರಬಂಧ ಸ್ಪರ್ಧೆ ಇತ್ತು. ಮನೆಯಿಂದ ಬರೆದುಕೊಂಡು ಹೋಗಿ ಕೊಡುವುದು. ವಿಷಯ, ನಮ್ಮೂರ ಹೊಳೆ.

"ಮಲಪ್ರಭಾದಾಗ ಎಮ್ಮಿ ಬಿಟ್ಟು ದಂಡಿಗೆ ಕುಂತಿದ್ದೆ. ಅವು ನೀರಾಗಿಂದ ಏಳೂತನಾ ಬರದೆ" ಎಂದರು. "ಎಮ್ಮಿ ಎದ್ದ ಮ್ಯಾಲೆ ಹೊಳಿ ಒಂದ ಗೇಣ ಇಳೀತೈತಿ ಅಂತ ಬರದಿದ್ದೆ. ಖರೇ ಇಳಿಯಂಗಿಲ್ಲ. ನನಗ ಹಂಗ ಕಾಣ್ತಿತ್ತು."

ಬಹುಮಾನ ಬಂತು. ಬಹುಮಾನ ಪಡೆದವರು ವೇದಿಕೆಯ ಮೇಲೆ ನಿಂತು ತಮ್ಮ ಪ್ರಬಂಧ ಓದಬೇಕಿತ್ತಂತೆ. ಅಕ್ಕನ ಕೈಬರಹ ಬಿಡಿಸಿ ಓದಲಾಗದೆ ತಮ್ಮ ನಾಲ್ಕೈದು ಕಡೆ ತಡವರಿಸಿದನಂತೆ. ಹಾಲು ಕೊಟ್ಟು ಸಭೆಗೆ ಹೋಗಿದ್ದ ಅಪ್ಪ ಮನೆಗೆ ಬಂದು, ಮುಂದಿನ ಸಲ ಅಕ್ಷರ ನೆಟ್ಟಗೆ ಬರಿ ಎಂದು ಮಗಳಿಗೆ ಬೈದನಂತೆ.

"ಬಹುಮಾನ ಅಂತ ಒಂದ ಪೆನ್ನ ಕೊಟ್ಟಿದ್ರು. ಅದನ್ನ ಅಂವಾ ನನಗ ತಂದು ಕೊಟ್ಟ. ಎಂಟ ದಿನಕ್ಕ ತಿರಗಿ ಇಸಗೊಂಡ, ಪರೀಕ್ಷಾ ಬಂದಿತ್ತು" ಎಂದು ಮತ್ತೆ ನಕ್ಕರು. ಆಮೇಲೆ ಕೇಳಿದರು, "ನೀವು ಏನ ಕಲಸ್ತೀರಿ ಅಕ್ಕೋರ?"

"ಇತಿಹಾಸ್ರಿ. ಹಿಂದ ಏನೇನ ಆತು ಅನ್ನೂದು."

"ಆತು. ಹಂಗಾರ ಇದನ್ನ ನೆಟ್ಟಗ ಬರೀರಿ."

ನೆಟ್ಟಗೆ ಬರೆದೆ. ಎಂಟು ಹಾಳೆಯಾಯಿತು. ಎಷ್ಟೋ ವರ್ಷಗಳ ಮೇಲೆ, ಬರೆಯುವಾಗ ಚಹಾ ತಣ್ಣಗಾದದ್ದು ತಿಳಿಯದಂತೆ ಬರೆದೆ. ಅಧ್ಯಕ್ಷರನ್ನು ಹೀಯಾಳಿಸುವ ಒಂದು ಮಾತೂ ಅದರಲ್ಲಿರಲಿಲ್ಲ. ಎರಡು ಕ್ಯಾನುಗಳ ನಡುವೆ ಕೂತ ಹುಡುಗನ ಮೇಲೆ ನನಗೆ ಒಂಥರ ಅಕ್ಕರೆಯೇ ಹುಟ್ಟಿತ್ತು. ಪ್ರಾಂಶುಪಾಲರು ಮಾತ್ರ ಮೂರನೆಯ ಹಾಳೆಗೇ ನಿಂತರು.

"ಏನ್ರೀ ಮೇಡಂ ಇದು? ಅಭಿನಂದನ ಗ್ರಂಥದಾಗ ಇದನ್ನ ಹಾಕಾಕ ಬರ್ತೈತೇನು?"

"ಆದದ್ದ ಬರದೀನ್ರಿ ಸರ್."

"ಆದದ್ದು ಯಾರಿಗೆ ಬೇಕಾಗೇತ್ರಿ?"

ಕನ್ನಡದ ಸರ್ ಪಕ್ಕದಲ್ಲೇ ನಿಂತಿದ್ದರು. ನನ್ನ ಪರವಾಗಿ ಏನಾದರೂ ಹೇಳಿಯಾರೆಂದು ನೋಡಿದೆ. ಅವರು ಹೇಳಿದ್ದು, ಗದ್ಯ ಸ್ವಲ್ಪ ಒರಟಾಗಿದೆ ಎಂದು.

ಸುದ್ದಿ ಮೇಲಕ್ಕೆ ಹೋಯಿತು. ಎರಡು ದಿನ ಬಿಟ್ಟು ಅಧ್ಯಕ್ಷರು ನನ್ನನ್ನು ಕರೆಸಿದರು. ಬೈಗುಳಕ್ಕೆ ಮನಸ್ಸು ಗಟ್ಟಿಮಾಡಿಕೊಂಡು ಹೋಗಿದ್ದೆ. ಕೆಲಸ ಬಿಡುವ ಪತ್ರದ ಒಕ್ಕಣೆಯನ್ನೂ ಮನಸ್ಸಿನಲ್ಲೇ ತಿದ್ದಿಕೊಂಡಿದ್ದೆ, ಅದರಲ್ಲಿ ಎರಡು ಒಳ್ಳೆಯ ವಾಕ್ಯಗಳಿದ್ದವು. ಅವರು ಬೈಯಲಿಲ್ಲ. ನನ್ನ ಎಂಟು ಹಾಳೆ ಅವರ ಮೇಜಿನ ಮೇಲಿತ್ತು.

"ಕುಂದರ್ರಿ. ಅಕ್ಕ ಹ್ಯಾಂಗದಾಳ್ರಿ?"

"ಚಲೋ ಅದಾರ್ರಿ."

"ಎಷ್ಟ ಎಮ್ಮಿ ಅದಾವ ಈಗ?"

"ಮೂರು."

ಅವರು ದಪ್ಪ ಬೆರಳಿನಿಂದ ಹಾಳೆಗಳನ್ನು ತಿರುವಿ, ಪ್ರಬಂಧದ ಮಾತು ಬರುವ ಕಡೆ ನಿಲ್ಲಿಸಿದರು.

"ಸೈಕಲ್ ಗೀಕಲ್ ನಿಮಗ ಬೇಕಾದಂಗ ಬರೀರಿ. ಇದೊಂದ ಬಿಡ್ರಿ ಮೇಡಂ. ಸಾಲ್ಯಾಗ ನನಗ ಬಂದದ್ದು ಅದೊಂದ ಬಹುಮಾನ."

ಅಷ್ಟೇ. ಬೆದರಿಕೆ ಇಲ್ಲ, ಗದರಿಕೆ ಇಲ್ಲ. ಊರೆಲ್ಲ ಶಾಲು ಹೊದಿಸುವ ಮನುಷ್ಯ, ನಲವತ್ತೈದು ವರ್ಷ ಹಿಂದಿನ ಒಂದು ಪೆನ್ನನ್ನು ಬಿಟ್ಟುಕೊಡಲಾರದೆ ನನ್ನ ಮುಂದೆ ಕೂತಿದ್ದರು. ಬೈದಿದ್ದರೆ ನಾನು ಎದ್ದು ಬರುತ್ತಿದ್ದೆ ಎಂದು ಈಗಲೂ ನಂಬುತ್ತೇನೆ. ನಂಬುವುದಕ್ಕೆ ಯಾವ ಆಧಾರವೂ ಇಲ್ಲ. ಅಲ್ಲಿ ಕೂತು ನಾನು ಹೇಳಿದ್ದು, "ಆತ್ರಿ ಸರ್."

ಒಂದು ಇಟ್ಟಿಗೆ ತೆಗೆಯಲು ಒಪ್ಪಿದ ಮೇಲೆ ಗೋಡೆ ಉಳಿಯಲಿಲ್ಲ. ಪ್ರಬಂಧ ಬರೆದುಕೊಟ್ಟ ಮಾತು ತೆಗೆದರೆ ಅಕ್ಕ ಯಾಕೆ ಎಂದು ಪ್ರಾಂಶುಪಾಲರು ಕೇಳಿದರು. ಅಕ್ಕ ಹೋದರೆ ಸೈಕಲ್ಲು ಯಾಕೆ ಎಂದು ಕನ್ನಡದ ಸರ್ ಕೇಳಿದರು. ಅವರ ಬರಿಗಾಲಿನ ಬಾಲಕ, ಈಗ ಪ್ರಬಂಧದ ಬಹುಮಾನವನ್ನೂ ಹಿಡಿದುಕೊಂಡು, ಮತ್ತೆ ಕಾಡುದಾರಿಯಲ್ಲಿ ನಡೆದು ಬಂದು ನನ್ನ ಅಧ್ಯಾಯದಲ್ಲಿ ಕೂತ. ನಾನು ಕರಡು ತಿದ್ದಿದೆ. ಎರಡು ಕಡೆ ಅಲ್ಪಪ್ರಾಣ ಮಹಾಪ್ರಾಣದ ತಪ್ಪಿತ್ತು, ಬಹಳ ಶ್ರದ್ಧೆಯಿಂದ ಸರಿಪಡಿಸಿದೆ. ವಿಭಾಗ ಉಳಿಯಬೇಕಲ್ಲ, ಹುಡುಗಿಯರ ಗತಿ ಏನು, ಸರ್ ಅವರ ಕೊನೆಯ ಎರಡು ವರ್ಷ ಏನಾಗಬೇಕು ಎಂದು ಮನೆಯಲ್ಲಿ ಗಂಡನ ಮುಂದೆ ಹೇಳಿದೆ. ಅವರು ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವವರು. "ನಮ್ಮಲ್ಲಿ ಅಳತಿ ತಪ್ಪಿದ್ರ ಮಾಲ್ ತಿರಗಿ ಬರ್ತೈತಿ. ನಿಮ್ದ ಚಲೋ ಬಿಡ" ಎಂದು ಊಟಕ್ಕೆ ಕೂತರು.

ಗ್ರಂಥ ಬಿಡುಗಡೆಯ ದಿನ ನಮ್ಮ ಹುಡುಗಿಯರು ಬೆಳಿಗ್ಗೆ ಆರಕ್ಕೇ ಬಂದು ಗೇಟಿನಿಂದ ಸಭಾಂಗಣದವರೆಗೆ ರಂಗೋಲಿ ಹಾಕಿದರು. ಅಕ್ಕನನ್ನು ಕಾರಿನಲ್ಲಿ ಕರೆಸಿದ್ದರು. ಹಸಿರು ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ, ಎರಡೂ ಕಡೆ ಸೋಫಾ ಖಾಲಿ ಬಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಗುರುತು ಹಿಡಿದು ಕೈಯೆತ್ತಿದರು. ಅವರು ಬರುವುದು ನನಗೆ ಗೊತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಬಾಲ್ಯದ ಅಧ್ಯಾಯದಿಂದ ಒಂದು ಪುಟವನ್ನು ಲೇಖಕಿಯೇ ಓದುತ್ತಾರೆಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿತ್ತು.

ಓದಿದೆ. ನನ್ನ ಉಚ್ಚಾರ ಸ್ಪಷ್ಟ, ಎಲ್ಲೂ ತಡವರಿಸಲಿಲ್ಲ. "ತಾಲ್ಲೂಕು ಮಟ್ಟದ ಪ್ರಬಂಧ ಸ್ಪರ್ಧೆಯಲ್ಲಿ ಪ್ರಥಮ ಸ್ಥಾನ" ಎಂಬಲ್ಲಿ ಚಪ್ಪಾಳೆ ಬಿತ್ತು. ಅಧ್ಯಕ್ಷರು ವೇದಿಕೆಯ ಮೇಲೆ ತಮ್ಮ ಶಾಲಿನ ಅಂಚು ನೋಡುತ್ತಿದ್ದರು. ಆಮೇಲೆ ಮಾತನಾಡುತ್ತ, ಕಲಾ ವಿಭಾಗ ನಮ್ಮ ಸಂಸ್ಥೆಯ ಆತ್ಮ ಎಂದರು. ಆತ್ಮಕ್ಕೆ ಅದರ ಎರಡು ಕೋಣೆಗಳು ಉಳಿದವು.

ಊಟದ ಹೊತ್ತಿಗೆ ಅಕ್ಕ ತಮಗೆ ಕೊಟ್ಟಿದ್ದ ಪ್ರತಿಯನ್ನು ಬಿಡಿಸಿ, ನಿಧಾನಕ್ಕೆ ಬೆರಳಿಟ್ಟು ಓದುತ್ತಿದ್ದರು. ನಾನು ತಪ್ಪಿಸಿಕೊಂಡು ಹೋಗಲು ನೋಡಿದೆ. ಅವರೇ ಕರೆದರು.

"ಅಕ್ಕೋರ, ಅವತ್ತ ನಾ ಹೇಳಿದ್ದು ನಿಮಗ ನೆಟ್ಟಗ ಕೇಳಸಲಿಲ್ಲ ಕಾಣಸ್ತೈತಿ. ಎಮ್ಮಿ ಭಾಳ ಒದರಾಕತ್ತಿದ್ವು."

ಹಂಗಿಸಿದರೋ, ನಿಜವಾಗಿಯೂ ಹಾಗೆಂದು ತಿಳಿದರೋ, ಅವರ ಮುಖದಿಂದ ತಿಳಿಯಲಿಲ್ಲ. ನನಗೆ ಪಾರಾಗಲು ಒಂದು ದಾರಿ ಮಾಡಿಕೊಟ್ಟರು ಎಂದು ಕಾಣುತ್ತದೆ. ನಾನು ಆ ದಾರಿಯನ್ನೂ ಬಿಡಲಿಲ್ಲ. "ಹೌದ್ರಿ ಮೌಶಿ" ಎಂದೆ. ಅವರು ಪುಸ್ತಕ ಮುಚ್ಚಿ, ಸೆರಗಿನಿಂದ ಅದರ ರಟ್ಟು ಒರೆಸಿ, ಊಟದ ಸಾಲಿಗೆ ಹೋಗಿ ನಿಂತರು.

ಒಂದು ವಾರ ನಾನು ತರಗತಿಯಲ್ಲಿ ಟಿಪ್ಪಣಿ ಓದಿ ಹೇಳಿ ಬಂದೆ. ಎರಡನೆಯ ವಾರ ಪಾಠಕ್ಕೆ ಬಂದದ್ದು ಐತಿಹಾಸಿಕ ಆಧಾರಗಳನ್ನು ಪರೀಕ್ಷಿಸುವ ಬಗೆ. ಅಂತಿಮ ವರ್ಷದವರು ಹದಿಮೂರು ಜನ, ಎಲ್ಲರೂ ಹುಡುಗಿಯರು, ಅರ್ಧದಷ್ಟು ಜನ ಖಾನಾಪುರ ಕಡೆಯಿಂದ ಬಸ್ಸಿಗೆ ಬರುವವರು. ಬೆಳಿಗ್ಗೆ ಮನೆಯಿಂದ ಹೊರಡುವಾಗ, ತಿದ್ದಲೆಂದು ಅಧ್ಯಕ್ಷರು ಮರಳಿಸಿದ್ದ ಆ ಎಂಟು ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡೆ. ತರಗತಿಯಲ್ಲಿ ಮೊದಲು ಗ್ರಂಥದ ಪುಟ ಓದಿದೆ, ಆಮೇಲೆ ಆ ಹಾಳೆಗಳನ್ನು ಓದಿ, ಎರಡನ್ನೂ ಅವರ ಕೈಗೆ ಕೊಟ್ಟೆ. ಎರಡರಲ್ಲಿ ಯಾವುದನ್ನು ನಂಬುತ್ತೀರಿ, ಯಾಕೆ ಎಂದು ಕೇಳಿದೆ.

ಬಹಳ ಜನ ಪುಸ್ತಕವನ್ನೇ ನಂಬಿದರು. ಅದರಲ್ಲಿ ಫೋಟೋ ಇದೆ ಎಂದಳೊಬ್ಬಳು. ದೊಡ್ಡವರ ಮುನ್ನುಡಿ ಇದೆ ಎಂದಳು ಇನ್ನೊಬ್ಬಳು. "ರಟ್ಟ ಭಾಳ ಗಟ್ಟಿ ಐತ್ರಿ ಮೇಡಂ" ಎಂದು ಮೂರನೆಯವಳು ಹೇಳಿದಾಗ ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಮೂರು ವರ್ಷ ಇವರಿಗೆ ನಾನು ಕಲಿಸಿದ್ದು ಇಷ್ಟೇ ಎಂದು ಕಂಡಿತು. ಅಷ್ಟರಲ್ಲಿ ಕಿಟಕಿಯ ಹತ್ತಿರ ಕೂರುವ ಹುಡುಗಿ ಎದ್ದು ನಿಂತಳು. ಮನೆಯಲ್ಲಿ ಮರಾಠಿ ಆಡುವವಳು, ಕನ್ನಡವನ್ನು ಎಣಿಸಿ ಎಣಿಸಿ ಮಾತನಾಡುವವಳು.

"ಮೇಡಂ, ಪುಸ್ತಕದಾಗ ನಿಮ್ಮ ಹೆಸರ ಐತ್ರಿ. ಆ ಹಾಳಿ ಮ್ಯಾಲಿನ ಅಕ್ಷರಾನೂ ನಿಮ್ದ. ಎರಡೂ ನೀವ ಬರದೀರಿ. ಅಂದ್ರ ಒಂದ ಕಡೆ ಸುಳ್ಳ ಹೇಳೀರಿ. ಎಲ್ಲಿ ಹೇಳೀರಿ?"

ಬಾಗಿಲು ತೆರೆದಿತ್ತು. ಆ ಹೊತ್ತಿಗೆ ಪ್ರಾಂಶುಪಾಲರು ಮೊಗಸಾಲೆಯಲ್ಲಿ ಒಂದು ಸುತ್ತು ಹಾಕುವುದು ರೂಢಿ. ನಾನು ಬಾಗಿಲ ಕಡೆ ನೋಡಿದ್ದನ್ನು ಹುಡುಗಿ ನೋಡಿದಳು.

"ಪುಸ್ತಕದಾಗ" ಎಂದೆ.

"ಯಾಕ್ರಿ?"

"ಅಂಜಿದ್ದೆ. ಅಂಜಿದ್ದಷ್ಟ ಅಲ್ಲ, ರೂಢಿನೂ ಆಗಿತ್ತು."

ಅವಳು ತಲೆಯಾಡಿಸಿ ಕೂತಳು. ನಾನು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಳ್ಳುವ ಅಭ್ಯಾಸದವರು ಅವರು. ಹದಿಮೂರು ಜನವೂ ತಲೆ ತಗ್ಗಿಸಿ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.